ಮಗ ಡಾಕ್ಟರೆಂಬ ಭ್ರಮೆ

ಆರೋಗ್ಯ ಇಲಾಖೆಯ ನಿರ್ದೇಶಕರು ಬಂದವರೇ ಅವನ ಕುರ್ಚಿಯಲ್ಲಿ ಕೂತುಬಿಟ್ಟರು. ಅದು ಅವನದೆಂದು ಎಲ್ಲೂ ಬರೆದಿರಲಿಲ್ಲ, ನಿಜ. ಆದರೆ ಪರದೆಯ ಮೇಲಿನ ಕ್ಯಾಮೆರಾಕ್ಕೆ ನೇರವಾಗಿದ್ದದ್ದು ಅದೊಂದೇ ಕುರ್ಚಿ. ಪ್ರತಿ ಬುಧವಾರ ಬೆಳಿಗ್ಗೆ ಅವನು ಅದರಲ್ಲಿ ಕೂತೇ ಸುತ್ತಮುತ್ತಲಿನ ಸಣ್ಣ ಆಸ್ಪತ್ರೆಗಳ ಡಾಕ್ಟರುಗಳ ಜೊತೆ ಮಾತಾಡುತ್ತಿದ್ದ. ಈಗ ಪಕ್ಕದ ಗಿಡ್ಡ ಕುರ್ಚಿಯಲ್ಲಿ ಕೂತು ನೋಡಿದರೆ ಪರದೆಯ ಮೂಲೆಯ ಚೌಕದಲ್ಲಿ ತನ್ನ ಹಣೆ, ಕನ್ನಡಕ, ಒಂದು ಕಿವಿ ಮಾತ್ರ ಕಾಣುತ್ತಿದ್ದವು. ಕತ್ತು ಚಾಚಿದ. ಗದ್ದ ಬಂತು, ಕನ್ನಡಕ ಹೋಯಿತು. ಇಷ್ಟು ವಯಸ್ಸಾದ ಮನೋವೈದ್ಯನೊಬ್ಬ ಕುರ್ಚಿಗಾಗಿ ಮುಖ ಸಣ್ಣದು ಮಾಡಿಕೊಳ್ಳುವುದೇ ಎಂದು ತನ್ನನ್ನು ತಾನೇ ಗದರಿಸಿಕೊಂಡ. ಈ ಆಸ್ಪತ್ರೆಗಳ ಜಾಲದ ಕೆಲಸವನ್ನೆಲ್ಲ ಹೊಂದಿಸುವ ಸಿಸ್ಟರ್ ಅವನ ಕಡೆ ನೋಡಿ, ನಿರ್ದೇಶಕರಿಗೆ ಹೇಳಲಾ ಎಂಬಂತೆ ಹುಬ್ಬು ಏರಿಸಿದಳು. ಬೇಡ ಎಂದು ತಲೆಯಾಡಿಸಿದ. ಇವತ್ತು ಕುರ್ಚಿಯ ಮಾತೆತ್ತುವ ದಿನವಾಗಿರಲಿಲ್ಲ. ಈ ವ್ಯವಸ್ಥೆಯನ್ನು ಉಳಿದ ಜಿಲ್ಲೆಗಳಿಗೂ ಹಬ್ಬಿಸಬೇಕೋ, ಇಲ್ಲಿಗೇ ಕೈಬಿಡಬೇಕೋ ಎಂದು ನೋಡಿ ಹೇಳುವುದಕ್ಕೇ ಆ ಮನುಷ್ಯ ಬಂದು ಕೂತಿದ್ದ.

ಜಾಲ ಅವನ ಕೂಸು. ಅದಕ್ಕೆ ಮುಂಚೆ ಮರೆವಿನ ಕಾಯಿಲೆಯ ಮುದುಕರನ್ನು ಸಣ್ಣ ಆಸ್ಪತ್ರೆಯವರು ದೊಡ್ಡ ಆಸ್ಪತ್ರೆಗೆ ತಳ್ಳುತ್ತಿದ್ದರು, ನರದ ಡಾಕ್ಟರು ಮನಸ್ಸಿನ ಡಾಕ್ಟರಿಗೆ ತಳ್ಳುತ್ತಿದ್ದರು, ಒಬ್ಬರು ಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಕೊನೆಗೆ ಎಲ್ಲರಿಗೂ ಸಾಕಾದ ಮೇಲೆ ಹಿಂದಿನ ವಾರ್ಡು. ದೊಡ್ಡ ಆಸ್ಪತ್ರೆಯ ಬೆನ್ನಿಗಿದ್ದ ಆ ಉದ್ದನೆಯ ಕೋಣೆಗೆ ಹೊರಗಿನಿಂದ ಮಾತ್ರ ಚಿಲಕವಿತ್ತು. ಒಳಗೆ ಹೋದವರು ಮೊದಲು ಚಪ್ಪಲಿ ಮರೆಯುತ್ತಿದ್ದರು, ಆಮೇಲೆ ಹೆಸರು ಮರೆಯುತ್ತಿದ್ದರು, ಅಷ್ಟರಲ್ಲಿ ಮನೆಯವರು ಅವರನ್ನು ಮರೆತಿರುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲಿನ ವಾಸನೆ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಅವನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಎಲ್ಲರ ಹತ್ತಿರವೂ ಟೀ ಕುಡಿದು, ಕಾಲಿಗೆ ಬೀಳುವುದೊಂದು ಬಾಕಿಯೆಂಬಂತೆ ಗೋಗರೆದು ಇದನ್ನು ಕಟ್ಟಿದ್ದ. ಎಲ್ಲರೂ ಒಂದೇ ಥರ ಪರೀಕ್ಷೆ ಮಾಡಬೇಕು, ವಾರಕ್ಕೊಮ್ಮೆ ಪರದೆಯ ಮೇಲೆ ಕೂಡಬೇಕು, ಎಲ್ಲರೂ ಮಾತಾಡದೆ ಯಾರನ್ನೂ ಹಿಂದಿನ ವಾರ್ಡಿಗೆ ಕಳಿಸಬಾರದು, ಮಾತಾಡುವಾಗ ರೋಗಿಯ ಹೆಸರು, ಊರು ಯಾರೂ ಬಾಯಿ ಬಿಡಬಾರದು. ಕೊನೆಯ ನಿಯಮಕ್ಕಾಗಿಯೇ ಜಗಳವಾಡಿದ್ದ. ಡಾಕ್ಟರುಗಳು ಇದನ್ನು ನೆಟ್‌ವರ್ಕು ಎಂದೇ ಕರೆಯುತ್ತಿದ್ದರು. ಪರದೆ ಕೈಕೊಟ್ಟ ದಿನ ‘ಇವತ್ತು ನೆಟ್‌ವರ್ಕಿಗೆ ನೆಟ್‌ವರ್ಕಿಲ್ಲ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

ಮೊದಲಿನ ಕೇಸುಗಳು ಸಲೀಸಾಗಿ ಮುಗಿದವು. ನಿರ್ದೇಶಕರು ನಡುವೆ ಫೋನು ನೋಡಿಕೊಳ್ಳುತ್ತಿದ್ದರು. ಕೊನೆಗೆ ಬಂದದ್ದು ಜಾಲದವರೆಲ್ಲ ಕೊನೇ ಸ್ಟಾಪು ಎನ್ನುತ್ತಿದ್ದ ಆಸ್ಪತ್ರೆ; ಬಸ್ಸು ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಅಲ್ಲಿನ ಡಾಕ್ಟರು ಓದು ಮುಗಿಸಿ ಆಗಷ್ಟೇ ಸೇರಿದ ಹುಡುಗಿ, ನಿರ್ದೇಶಕರು ಕೂತಿದ್ದಾರೆಂದು ಗೊತ್ತಾಗಿ ಒಂದೇ ಉಸಿರಿಗೆ ಶುರುಮಾಡಿದಳು. ಅರವತ್ತೆಂಟು ವರ್ಷದ ಹೆಂಗಸು. ಗಂಡನ ಜೊತೆ ವಾಸ. ಎರಡು ವರ್ಷದಿಂದ ಮರೆವು, ಈಗ ತೀರಾ ಹೆಚ್ಚಾಗಿದೆ. ಒಲೆ ಹೊತ್ತಿಸಿ ಮರೆಯುತ್ತಾರೆ, ಗಂಡನನ್ನು ಕೆಲವು ಸಲ ಅಪ್ಪ ಎಂದು ಕರೆಯುತ್ತಾರೆ. ಗಂಡನಿಗೆ ಕೈ ನಡುಕ, ಹೆಂಡತಿಯನ್ನು ಹಿಡಿದು ನಿಲ್ಲಿಸುವ ಶಕ್ತಿಯಿಲ್ಲ. ಇದು ಪ್ರತಿ ವಾರ ಕೇಳುವ ಕತೆಯೇ. ಅವನು ಪೆನ್ನಿನ ತುದಿ ಕಚ್ಚುತ್ತ, ನಿರ್ದೇಶಕರ ಮುಖದಲ್ಲಿ ಬೇಸರ ಕಾಣುತ್ತಿದೆಯೇ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಹುಡುಗಿ ಹೇಳುತ್ತಲೇ ಇದ್ದಳು: ಅರ್ಥವಿಲ್ಲದ ಕೈಚಾಳಿ ಒಂದಿದೆ ಸರ್, ಹತ್ತಿರ ಬಂದವರ ಅಂಗಿಯ ಕಾಲರು ಹಿಡಿದು, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡ್ತಾರೆ, ನಂದೂ ನೋಡಿದರು.

ಪೆನ್ನು ಬಾಯಲ್ಲೇ ಉಳಿಯಿತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ವಿಭಾಗವೆಂದು ಬೇರೆಯೇ ಇರುತ್ತಿತ್ತು. ಹೊಲಿದ ಕಾಲರನ್ನು ಮಗುಚಿ ಎರಡು ಮೂಲೆಗಳನ್ನೂ ಹೆಬ್ಬೆರಳಿನಿಂದ ಒತ್ತಿ, ಒಂದಕ್ಕೊಂದು ಸಮ ಇದೆಯೋ ಇಲ್ಲವೋ ನೋಡಿ, ಆಮೇಲೇ ಮುಂದಿನ ಮೇಜಿಗೆ ದಾಟಿಸಬೇಕು. ಅಲ್ಲಿ ಹೊಲಿಯುತ್ತಿದ್ದ ಅತ್ತಿಗೆ ಶಾಲೆಗೆ ಹೊರಟವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ, ಬಾಗಿ, ಎರಡೂ ಮೂಲೆ ಒತ್ತಿ, ‘ಹೂಂ, ಹೋಗು’ ಎನ್ನುತ್ತಿದ್ದಳು. ಬಾಯಲ್ಲಿ ಮಿಷನ್ನಿನ ಎಣ್ಣೆಯ ವಾಸನೆ. ಅಲ್ಲ, ಬಾಯಲ್ಲಲ್ಲ, ಕೈಯಲ್ಲಿ. ಅಮ್ಮ ಸತ್ತಾಗ ಅವನಿನ್ನೂ ಕೈತುತ್ತು ತಿನ್ನುವ ವಯಸ್ಸಿನವನು. ಆ ವರ್ಷವೇ ಅಣ್ಣನ ಕೈ ಹಿಡಿದು ಬಂದ ಅತ್ತಿಗೆಗೂ ಅಂಥಾ ವಯಸ್ಸೇನಾಗಿರಲಿಲ್ಲ. ಕಾಲರು ಹೊಲಿದವರು ಊರಲ್ಲಿ ಎಷ್ಟು ಜನ ಇಲ್ಲ, ಎಂದು ಅವನು ತನಗೇ ಹೇಳಿಕೊಂಡ. ಅಣ್ಣನ ಮನೆಗೆ ಹತ್ತಿರದ ಆಸ್ಪತ್ರೆ ಬೇರೆಯೇ, ಇದಲ್ಲ. ಅಣ್ಣನಿಗೆ ಕೈ ನಡುಕವೆಲ್ಲಿಯದು, ಕೂದಲೆಳೆಯಂಥ ತಾಮ್ರದ ತಂತಿಯನ್ನು ಮೋಟಾರಿಗೆ ಸುತ್ತುವ ಕೈ ಅದು.

“ಮುಖ್ಯವಾದ ತೊಂದರೆ ಇದು ಸರ್,” ಎಂದಳು ಹುಡುಗಿ. “ತನಗೊಬ್ಬ ಮಗ ಇದಾನೆ, ದೊಡ್ಡ ಡಾಕ್ಟರು, ತಲೆ ಕೆಟ್ಟೋರನ್ನ ನೆಟ್ಟಗೆ ಮಾಡ್ತಾನೆ, ಇವತ್ತು ಬರ್ತಾನೆ ಅಂತಾರೆ. ಇಲ್ಲಿ ಸೇರಿಸ್ಕೊಂಡಾಗಿನಿಂದ ದಿನಾ ಬೆಳಿಗ್ಗೆಯಿಂದ ನಮ್ಮ ಗೇಟಿನ ಹತ್ರಾನೇ ನಿಂತಿರ್ತಾರೆ. ಎರಡು ಸಲ ರಸ್ತೆಗೆ ಹೋಗಿಬಿಟ್ಟಿದ್ರು. ಗಂಡನ್ನ ಕೇಳಿದೆ, ನಮಗೆ ಮಕ್ಕಳೇ ಆಗಲಿಲ್ಲ ಅಂದರು. ಅದಕ್ಕೇ ಸ್ಥಿರವಾದ ಭ್ರಮೆ ಅಂತ ಬರ್ಕೊಂಡಿದೀನಿ.”

ಇನ್ನೊಂದು ಚೌಕದಲ್ಲಿದ್ದ ಹಿರಿಯ ಡಾಕ್ಟರೊಬ್ಬರು, ಭ್ರಮೆ ಬಂದರೂ ಡಾಕ್ಟರ್ ಮಗನೇ ಬೇಕಂತೆ ನೋಡಿ, ಎಂದರು. ಎಲ್ಲ ಚೌಕಗಳಲ್ಲೂ ಸಣ್ಣ ನಗೆ ಹಬ್ಬಿತು. ನಿರ್ದೇಶಕರೂ ಫೋನಿನಿಂದ ತಲೆಯೆತ್ತಿ ನಕ್ಕರು. ಮೂಲೆಯ ಚೌಕದಲ್ಲಿ ಅರ್ಧ ಕಾಣುತ್ತಿದ್ದ ಮುಖವೂ ನಗುತ್ತಿರುವುದನ್ನು ಅವನು ನೋಡಿದ. ಅದು ತನ್ನದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಎರಡು ವರ್ಷದಿಂದ, ಎಂದಿದ್ದಳು ಹುಡುಗಿ. ಎರಡು ವರ್ಷದ ಹಿಂದೆ ಅವನ ಮನೆಯಲ್ಲಿ ಊಟಕ್ಕೆ ಪ್ರೊಫೆಸರುಗಳು ಬಂದಿದ್ದರು, ಅದೇ ಸಂಜೆ ಅಣ್ಣ ಅತ್ತಿಗೆಯೂ ಹೇಳದೆ ಕೇಳದೆ ಬಂದಿಳಿದಿದ್ದರು. ಅತ್ತಿಗೆ ಎಲ್ಲರ ನಡುವೆ ಕೂತು, ಇವನು ನಾಲ್ಕನೇ ಕ್ಲಾಸಿನವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದ, ಬೆಳಿಗ್ಗೆ ನಾನು ನೀರು ಚೆಲ್ತು ಅಂತ ಸುಳ್ಳು ಹೇಳಿ ಇವರಣ್ಣನಿಂದ ಬೈಸ್ಕೊಳ್ತಿದ್ದೆ, ಎಂದು ಹೇಳಿದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಮೊದಲಿನಿಂದ ಹೇಳಿದಳು, ಅದೇ ಪದಗಳು, ಅದೇ ಕಡೆ ನಗು. ಮೂರನೇ ಸಲ ಶುರುಮಾಡಿದಾಗ ಯಾರೂ ನಗಲಿಲ್ಲ. ಅವನು ಎದ್ದು ಅವಳ ರಟ್ಟೆ ಹಿಡಿದು, “ಅತ್ತಿಗೆ, ನೀವು ಒಳಗೆ ರೆಸ್ಟ್ ತಗೊಳ್ಳಿ,” ಎಂದ. ಬುದ್ಧಿ ಬಂದಾಗಿನಿಂದ ಅವಳನ್ನು ನೀವು ಎಂದಿರಲಿಲ್ಲ. ಅವಳು ಆ ಮಾತಿಗೆ ಅವನ ಮುಖವನ್ನು ಒಂದು ಸಲ ಹುಡುಕಿದಂತೆ ನೋಡಿ, ಸರಿ ಎಂದು ಎದ್ದು ಹೋದಳು. ಅಣ್ಣ ಊಟದ ತಟ್ಟೆ ಬಿಟ್ಟು ಹಿಂದೆಯೇ ಹೋದ. ಬೆಳಗಾಗುವಷ್ಟರಲ್ಲಿ ಇಬ್ಬರೂ ಹೊರಟುಬಿಟ್ಟಿದ್ದರು. ಬೇರೆ ಯಾರ ಮನೆಯ ಹೆಂಗಸು ಒಂದೇ ಮಾತನ್ನು ಮೂರು ಸಲ ಹೇಳಿದ್ದರೂ ಅವನಿಗೆ ಎರಡನೇ ಸಲಕ್ಕೇ ಅನುಮಾನ ಬರುತ್ತಿತ್ತು. ಅವತ್ತು ನಾಚಿಕೆಯೊಂದೇ ಬಂತು.

“ಸರ್, ಗಂಡ ಹಿಂದಿನ ವಾರ್ಡಿಗೆ ಒಪ್ಪಿದಾರೆ. ಕಳಿಸೋದಾ? ಇಲ್ಲಾ ಭ್ರಮೆಗೆ ಮಾತ್ರೆ ಶುರುಮಾಡಿ ನೋಡೋದಾ?” ಹುಡುಗಿ ಕೇಳುತ್ತಿದ್ದಳು. ನಿರ್ದೇಶಕರು ಈಗ ಪೂರ್ತಿ ಅವನ ಕಡೆಗೇ ತಿರುಗಿದ್ದರು. ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಕಟ್ಟಿದ್ದು. ಅವನು ಪೆನ್ನು ಕೆಳಗಿಟ್ಟ. ಕಾಲರಿನದು ಅರ್ಥವಿಲ್ಲದ ಚಾಳಿಯಲ್ಲ, ಆಕೆ ಮೊದಲು ಏನು ಕೆಲಸ ಮಾಡುತ್ತಿದ್ದರೆಂದು ಗಂಡನನ್ನು ಕೇಳಿ, ಕೈಗೆ ಹಳೆಯ ಕೆಲಸ ನೆನಪಿರುತ್ತದೆ, ಎಂದ. ನಿರ್ದೇಶಕರು ಮೆಚ್ಚಿ ತಲೆದೂಗಿದರು. ವಾರ್ಡು ಬೇಡ, ಎಂದ. ಮತ್ತೆ ಮಗನ ವಿಷಯ ಸರ್, ಎಂದಳು ಹುಡುಗಿ. ಅವನ ಬಾಯಿ ತೆರೆಯಿತು. ಹೇಳಬೇಕಾದದ್ದು ನಾಲಿಗೆಯ ತುದಿಗೇ ಬಂದು ನಿಂತಿತ್ತು, ಒಂದೇ ಒಂದು ವಾಕ್ಯ. ಆದರೆ ಆಗಷ್ಟೇ ನಕ್ಕಿದ್ದ. ನಕ್ಕವನು ಈಗ ಅದನ್ನು ಹೇಳುವುದು ಹೇಗೆ? “ಮರೆತುಹೋದ ಜಾಗಾನ ಮನಸ್ಸು ಏನಾದರೂ ಕತೆ ಕಟ್ಟಿ ತುಂಬ್ಕೊಳ್ಳುತ್ತೆ,” ಎಂದ. “ಸಾಮಾನ್ಯವಾಗಿ ಆಗೋದೇ. ಸಣ್ಣ ಡೋಸಲ್ಲಿ ಶುರುಮಾಡಿ ನೋಡಿ.” ತನ್ನ ದನಿ ಎಷ್ಟು ಮೃದುವಾಗಿತ್ತು ಎಂಬುದಕ್ಕೇ ಅವನಿಗೆ ಹೇಸಿಗೆಯಾಯಿತು. ನಿರ್ದೇಶಕರು ಎದ್ದು ಕೈಕುಲುಕಿದರು. ಬಸ್ಸೂ ಮುಂದೆ ಹೋಗದ ಊರಿನ ಒಬ್ಬ ಮುದುಕಿಗೆ ಹತ್ತು ನಿಮಿಷದಲ್ಲಿ ತಜ್ಞರ ಸಲಹೆ ಸಿಕ್ಕಿತಲ್ಲ, ಇದಪ್ಪಾ ಕೆಲಸ ಅಂದರೆ, ಉಳಿದ ಜಿಲ್ಲೆಗಳಿಗೂ ಬೇಕೇ ಬೇಕು ಎಂದು ವರದಿ ಹಾಕುತ್ತೇನೆ ಎಂದರು. ಹಾಗೆ ಅವನು ವರ್ಷಗಟ್ಟಲೆ ಕಾದಿದ್ದು ಅವನಿಗೆ ಸಿಕ್ಕಿತು.

ಎಲ್ಲರೂ ಹೋದ ಮೇಲೆ ಸಿಸ್ಟರ್ ಪರದೆ ಆರಿಸುತ್ತಿದ್ದಳು. ಕೊನೇ ಸ್ಟಾಪಿಗೆ ಫೋನು ಮಾಡಿ ಆ ಮಾತ್ರೆ ಕೊಡಬೇಡಿ ಅನ್ನು, ನಾನೇ ಹೋಗಿ ನೋಡ್ತೀನಿ, ಎಂದ. ಮನೆ ಮನೆಗೆ ಹೋಗುವ ತಂಡ ಬರುವ ವಾರ ಆ ಕಡೆ ಹೋಗುತ್ತದಲ್ಲ, ನೀವು ಹೋದರೆ ನಾಳೆ ಎಲ್ಲರೂ ತಮ್ಮ ಕೇಸಿಗೂ ಬನ್ನಿ ಅನ್ನುತ್ತಾರೆ, ಅದು ನೀವೇ ಮಾಡಿದ ನಿಯಮ, ಎಂದು ಅವಳು ನೆನಪಿಸಿದಳು.

“ಅವರು ನಮ್ಮ ಅತ್ತಿಗೆ, ಸಿಸ್ಟರ್.”

ಅವಳು ಕೈಯಲ್ಲಿದ್ದ ವಯರನ್ನು ಸುತ್ತುತ್ತಿದ್ದವಳು ಹಾಗೇ ಸುತ್ತಿ ಮುಗಿಸಿದಳು. ಆಮೇಲೆ ಊಟ ಮಾಡಿಕೊಂಡು ಹೋಗ್ತೀರಾ ಎಂದಷ್ಟೇ ಕೇಳಿದಳು. ಅವನು ನಕ್ಕದ್ದನ್ನು ಅವಳೂ ನೋಡಿದ್ದಳು.

ದಾರಿಯುದ್ದಕ್ಕೂ ಅಣ್ಣನಿಗೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡ. ರೋಗಿಗಳ ಮನೆಯವರಿಗೆ ಹೇಳುವ ಮಾತುಗಳೇ ಒಂದರ ಹಿಂದೊಂದು ಬರುತ್ತಿದ್ದವು: ಇದು ಯಾರ ತಪ್ಪೂ ಅಲ್ಲ, ನೀವು ಮೊದಲು ನಿಮ್ಮನ್ನ ನೋಡಿಕೊಳ್ಳಿ. ಒಂದು ಕಾಲದಲ್ಲಿ ಅವನೂ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಯಾರೋ ಒಬ್ಬ, ಅದು ನಿಮ್ಮಮ್ಮ ಅಲ್ಲ ಕಣೋ, ನಿಮ್ಮಣ್ಣನ ಹೆಂಡ್ತಿ, ಎಂದು ಎಲ್ಲರೆದುರು ಹೇಳಿ ನಗಿಸಿದ್ದ. ಅವತ್ತು ಸಂಜೆ ಮನೆಗೆ ಬಂದು, ಅತ್ತಿಗೆ ಹಸಿವು, ಎಂದಿದ್ದ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ ತಿರುಗಿ ನೋಡಿದ್ದಳು. ಎದ್ದು ತಟ್ಟೆ ಹಾಕಿದಳು. ಬಡಿಸಿದಳು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದಾಗ ಅವನ ಕಾರು ಹಸಿರು ದೀಪದ ಕೆಳಗೆ ಸುಮ್ಮನೆ ನಿಂತಿತ್ತು.

ಅಣ್ಣ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ನಡುಕ ಕಾಣದಿರಲೆಂದು ಹಾಗೆ ಇಟ್ಟುಕೊಂಡಿರಬೇಕು. ತಮ್ಮನನ್ನು ಕಂಡು ಏಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಹೆಸರು ಹೇಳಲ್ಲ ಅಂದಿದ್ರು, ಎಂದ ಆಮೇಲೆ. ಹೇಳಲಿಲ್ಲ ಎಂದ ಅವನು. ನಿಮ್ಮ ಮನೆ ಹತ್ತಿರದ ಆಸ್ಪತ್ರೆ ಬಿಟ್ಟು ಇಲ್ಲಿಗ್ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ಅಲ್ಲಿ ಬಾಗಿಲಲ್ಲೇ ನಿನ್ನ ಫೋಟೋ ಅಂಟಿಸಿದಾರಲ್ಲೋ, ಮರೆವಿಗೆ ಹೆದರಬೇಡಿ ಅಂತ ಕೆಳಗೆ ಬರೆದು, ಅವಳು ಅದನ್ನ ನೋಡಿ ಅಲ್ಲಿಂದ ಕದಲೋದೇ ಇಲ್ಲ, ಎಂದ ಅಣ್ಣ. ಅದನ್ನು ಹೇಳುವಾಗ ಅವನ ತುಟಿಯ ಒಂದು ಕೊನೆಯಲ್ಲಿ ಹಳೆಯ ತಮಾಷೆಯ ಗೆರೆ ಮೂಡಿ ಮಾಯವಾಯಿತು.

“ನನ್ನ ವಿಷಯ ಇವರಿಗೆ ಒಂದು ಮಾತು ಹೇಳಬಾರದಿತ್ತಾ ಅಣ್ಣಾ?”

“ಅವರು ಮಕ್ಕಳಿದಾರಾ ಅಂತ ಕೇಳಿದ್ರು, ಇಲ್ಲ ಅಂದೆ. ತಮ್ಮ ಇದಾನಾ ಅಂತ ಯಾರೂ ಕೇಳಲಿಲ್ಲ.”

ಅಣ್ಣ ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅದನ್ನು ಒಂದು ಮಾಹಿತಿಯಂತೆ ಹೇಳಿದ್ದ. ಇಬ್ಬರೂ ನಮ್ಮ ಮನೆಗೇ ಬಂದುಬಿಡಿ ಎಂದು ಅವನು ಒತ್ತಾಯಿಸಿದ, ತನ್ನ ಹೆಂಡತಿಯೂ ಒಪ್ಪುತ್ತಾಳೆ ಎಂದ. ಅಣ್ಣ ತಲೆಯಾಡಿಸಿದ. ನಿನ್ನ ಮನೆಗೆ ಜನ ಬರ್ತಾರೆ, ಹೋಗ್ತಾರೆ, ಬೇಡ ಬಿಡು, ಎಂದ. ಆಮೇಲೆ ಒಂದು ಕೈ ಹೊರತೆಗೆದು ಅಂಗಳದ ಕಡೆ ತೋರಿಸಿದ. ಅದು ಗಾಳಿಗೆ ಸಿಕ್ಕ ಕಾಗದದಂತೆ ಅಲುಗುತ್ತಿತ್ತು.

ಅತ್ತಿಗೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಯಾರದೋ ದೊಡ್ಡ ಸ್ವೆಟರು ತೊಡಿಸಿದ್ದರು, ತೋಳುಗಳು ಬೆರಳು ಮುಚ್ಚಿದ್ದವು. ಅವನು ಹೋಗಿ ಎದುರಿಗೆ ನಿಂತಾಗ ತಲೆಯೆತ್ತಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಬಸ್ಸು ಕಾಣಲ್ಲ, ಎಂದಳು. ಯಾರು ಬರುತ್ತಾರೆ ಎಂದು ಕೇಳಿದ. ಮಗ ಎಂದಳು. ಅವನಿಗೆ ಪುರುಸೊತ್ತೇ ಇರುವುದಿಲ್ಲವಂತೆ, ಎಲ್ಲ ಊರಿನವರೂ ಅವನನ್ನೇ ಕೇಳುತ್ತಾರಂತೆ, ಹಾಗಂತ ಬರದೇ ಇರುವ ಹುಡುಗನಲ್ಲವಂತೆ. ಡಾಕ್ಟರು ಎಂಬ ಪದವನ್ನು ಹೇಳುವಾಗ ದನಿ ತಗ್ಗಿಸಿ, ಇದನ್ನೆಲ್ಲ ಹೇಳಿಕೊಂಡು ತಿರುಗುವ ಜಾತಿಯಲ್ಲ ನಾನು ಎಂಬಂತೆ ಅತ್ತಿತ್ತ ನೋಡಿದಳು. ಅವನು ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ.

“ಅತ್ತಿಗೆ, ನಾನೇ. ಸಣ್ಣೋನು.”

ಅವಳು ಮರ್ಯಾದೆಗೆ ನಕ್ಕಳು. “ನನ್ನ ಮಗ ನನ್ನನ್ನ ಅಮ್ಮ ಅಂತಾನೆ,” ಎಂದಳು.

ಅವನಿಗೆ ಗೊತ್ತಿತ್ತು, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನೇ ಎಷ್ಟು ಜನರಿಗೆ ಪಾಠ ಹೇಳಿರಲಿಲ್ಲ. ಅವರ ಲೋಕದೊಳಕ್ಕೆ ನೀವು ಹೋಗಿ, ಅವರನ್ನು ಹೊರಗೆಳೆಯಬೇಡಿ, ಅನ್ನುತ್ತಿದ್ದ. ಬಾಗಿಲು ತೆರೆದೇ ಇತ್ತು, ಒಂದು ಪದ ಹೇಳಿದರೆ ಸಾಕಿತ್ತು. ಆದರೆ ಆ ಪದ ಎಲ್ಲೋ ತುಂಬ ಹಿಂದೆ, ನಾಲ್ಕನೇ ಕ್ಲಾಸಿನ ಹುಡುಗನ ಕೈಯಲ್ಲಿತ್ತು, ಅವನು ಬಿಡುತ್ತಿರಲಿಲ್ಲ. ಒಳಗಿನಿಂದ ಯಾರೋ ಬಕೆಟ್ಟು ಎಳೆಯುವ ಸದ್ದು. ರಸ್ತೆಯಲ್ಲಿ ಬಸ್ಸೊಂದು ಬಂದು, ತಿರುಗಿಸಿಕೊಂಡು, ಯಾರನ್ನೂ ಇಳಿಸದೆ ನಿಂತಿತು. “ಅಮ್ಮಾ,” ಎಂದ. ಬಾಯಿಗೆ ಬಂದದ್ದು ರೋಗಿಯ ಮನೆಯವರನ್ನು ಕರೆಯುವಾಗ ಎಲ್ಲ ಡಾಕ್ಟರುಗಳೂ ಅಂದುಬಿಡುವ ಅಮ್ಮಾ. ಅವಳ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಕಾಲುಗಳನ್ನು ಹಿಂದಕ್ಕೆಳೆದುಕೊಂಡು, “ನೀವು ಯಾಕೆ ಹಾಗೆ ಕರೀತೀರಿ?” ಎಂದಳು. ಮತ್ತೆ ಬಸ್ಸಿನ ಕಡೆ ನೋಡತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಡಾಕ್ಟರಿಗೆ ಅಣ್ಣ ಆಗಲೇ ಎಲ್ಲ ಹೇಳಿದ್ದನೆಂದು ಕಾಣುತ್ತದೆ, ಅವಳಿಗೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಗೊತ್ತಿರಲಿಲ್ಲ ಸರ್, ಎಂದಳು. ನೀನು ಕೇಳಿದ್ದೆಲ್ಲ ಸರಿಯಾಗೇ ಕೇಳಿದೀಯ, ಎಂದ ಅವನು. ಅದು ನಿಜವೂ ಆಗಿತ್ತು. ಆ ಸಂಜೆ ಅವರು ಕೂತು ಒಂದು ದಾರಿ ಹುಡುಕಿದರು: ಮಾತ್ರೆ ಇಲ್ಲ, ವಾರ್ಡೂ ಇಲ್ಲ, ಅಣ್ಣನ ಬೀದಿಯಲ್ಲೇ ಇರುವ, ನರ್ಸ್ ಕೆಲಸದಿಂದ ನಿವೃತ್ತಳಾದ ಹೆಂಗಸೊಬ್ಬಳು ಹಗಲು ಬಂದು ಇರುವುದು, ಜಾಲದ ತಂಡ ಹದಿನೈದು ದಿನಕ್ಕೊಮ್ಮೆ, ಶನಿವಾರ ಅವನು. ಅಣ್ಣ ಉಳಿದದ್ದಕ್ಕೆಲ್ಲ ಹೂಂ ಎಂದ, ಶನಿವಾರದ್ದಕ್ಕೆ ಅಂಗಳದ ಕಡೆ ನೋಡಿದ. ಮುಂದಿನ ಬುಧವಾರ ಅವನು ತನ್ನ ಕುರ್ಚಿಯಲ್ಲೇ ಕೂತು, ಹೋದ ವಾರದ ಕೊನೆಯ ರೋಗಿ ತನ್ನ ಅತ್ತಿಗೆ, ತನ್ನನ್ನು ಸಾಕಿದವಳು, ಆಕೆ ಹೇಳಿದ್ದು ಭ್ರಮೆಯಲ್ಲ, ಗೊತ್ತಿದ್ದೂ ನಾನು ಹೇಳಲಿಲ್ಲ, ಇನ್ನು ಮುಂದೆ ಈ ಕೇಸಿಗೆ ಬೇರೆಯವರು ಸಲಹೆ ಕೊಡಲಿ, ಎಂದ. ತಮಾಷೆ ಮಾಡಿದ್ದ ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವನಿಗೆ ಹಗುರವಾಗಲಿಲ್ಲ. ಸಿಸ್ಟರ್ ಮುಂದಿನ ಆಸ್ಪತ್ರೆಯನ್ನು ಕರೆದಳು.

ಶನಿವಾರಗಳಲ್ಲಿ ಅವನು ಹೋದ. ಪ್ರತಿ ಸಲವೂ ಅವಳು ಮಗನ ಸುದ್ದಿ ಹೇಳಿದಳು. ಮಗ ಇನ್ನೊಂದು ಪರೀಕ್ಷೆ ಪಾಸು ಮಾಡಿದ್ದ, ಮಗನ ಕೈಗುಣ ದೊಡ್ಡದು, ಮಗ ಚಿಕ್ಕವನಿದ್ದಾಗ ಕತ್ತಲೆಗೆ ಹೆದರುತ್ತಿದ್ದ. ಅವನು ಕೂತು ಕೇಳುತ್ತಿದ್ದ. ಆ ಹುಡುಗನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಣ್ಣ ದೂರದಲ್ಲಿ ಕೂತು ತಮ್ಮನಿಗೆ ಟೀ ತರಿಸುತ್ತಿದ್ದ. ನಡುಗುವ ಕೈಯಲ್ಲಿ ಕೊಟ್ಟು ಚೆಲ್ಲುವುದು ಬೇಡವೆಂದು ಲೋಟವನ್ನು ನೆಲದ ಮೇಲೆ ಇಡಿಸಿ, ತಗೋ, ಎನ್ನುತ್ತಿದ್ದ. ಮೂರು ಮಾತು ಐದು ಮಾತಾಯಿತು. ಪ್ರೊಫೆಸರುಗಳು ಬಂದಿದ್ದ ಆ ಊಟದ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಚಳಿ ಮುಗಿಯುತ್ತ ಬಂದಾಗ ಒಂದು ಬುಧವಾರ ಕೊನೇ ಸ್ಟಾಪಿನ ಹುಡುಗಿ ಹಳೆಯ ಕೇಸುಗಳನ್ನು ಒಂದೊಂದಾಗಿ ಒಪ್ಪಿಸುತ್ತ ಅತ್ತಿಗೆಯದಕ್ಕೆ ಬಂದಳು. ಒಮ್ಮೆ ತಡೆದು, ಅವನ ಚೌಕದ ಕಡೆ ನೋಡಿ, ಮುಂದುವರಿಸಿದಳು. ರೋಗಿ ಈಗ ಶಾಂತವಾಗಿದ್ದಾರೆ. ಗೇಟಿಗೆ ಹೋಗುವುದಿಲ್ಲ. ರಸ್ತೆಗೆ ಹೋಗುವುದಿಲ್ಲ. ಎರಡು ವಾರದಿಂದ ಮಗನ ವಿಷಯ ಎತ್ತಿಯೇ ಇಲ್ಲ, ತಂಡದವರು ತಾವಾಗಿ ಕೇಳಿದರೂ ಯಾವ ಮಗ ಎನ್ನುತ್ತಾರೆ. ಮಾತ್ರೆಯಿಲ್ಲದೆ ಇಷ್ಟಾಗಿದೆ. ಹಿರಿಯ ಡಾಕ್ಟರು, ಒಳ್ಳೇದಾಯ್ತಲ್ಲ, ಎಂದರು, ಮನಸ್ಸಿನಿಂದಲೇ ಎಂದರು. ಸಲಹೆ ಕೊಡುವ ಸರದಿಯಲ್ಲಿದ್ದವರು ಸುಧಾರಣೆ ಎಂದು ಹಾಕಬಹುದು ಎಂದರು. ಸಿಸ್ಟರ್ ಅವನ ಕಡೆ ನೋಡಿದಳು. ಅಳತೆಗೆ ಸಿಗುವ ಎಲ್ಲದರಲ್ಲೂ ಅದು ಸುಧಾರಣೆಯೇ ಆಗಿತ್ತು. ಅವನು ಆಗಲಿ ಎಂದು ತಲೆಯಾಡಿಸಿದ. ಅವಳು ಬರೆದುಕೊಂಡಳು.

ಆ ಶನಿವಾರ ಹೋಗಬೇಕೋ ಬೇಡವೋ ಎಂದು ಬೆಳಿಗ್ಗೆ ತುಂಬ ಹೊತ್ತು ಕಾರಿನಲ್ಲಿ ಕೂತಿದ್ದ. ಹೋದ. ಅತ್ತಿಗೆ ಮನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ರಸ್ತೆಯ ಕಡೆಗಲ್ಲ, ಎದುರಿನ ಗೋಡೆಯ ಕಡೆ ಮುಖ ಮಾಡಿ. ಒಳಗೆ ಅಣ್ಣ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಅವನು ಕೂರಲಾ ಎಂದು ಕೇಳಿದ. ಅವಳು ಯಾರು ಎಂದು ಕೇಳಲಿಲ್ಲ, ಯಾರಿಗಾಗಿ ಕಾಯುತ್ತಿದ್ದೇನೆಂದು ಹೇಳಲೂ ಇಲ್ಲ. ದಾರಿಯಲ್ಲಿ ಹೋಗುವ ಯಾರಿಗಾದರೂ ಜಾಗ ಬಿಡುವ ಹಾಗೆ, ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಕೂತಳು.